ಶಿಕ್ಕಾ ಇದ್ದ ಪಾಲು

ನಮ್ಮವ್ವ ತನ್ನ ಜೀವಮಾನದಲ್ಲಿ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು ವಸ್ತು. ಅದು ಬಂಗಾರವಲ್ಲ, ಸೀರೆಯಲ್ಲ. ಜಪಾನಿನಿಂದ ಬಂದ ಒಂದು ಮಡಿಕೆ ಪಡದೆ. ಆರು ಮಡಿಕೆ, ಆಳೆತ್ತರ; ತೆಳ್ಳಗಿನ ಕಟ್ಟಿಗೆಯ ಚೌಕಟ್ಟಿಗೆ ಕಾಗದ ಅಂಟಿಸಿ ಅದರ ಮೇಲೆ ಬರೀ ಕಪ್ಪು ಮಸಿಯಲ್ಲಿ ಗಿಡ, ಗುಡ್ಡ, ಮಂಜು ಬರೆದದ್ದು. ಸೊಲ್ಲಾಪುರದ ಬಟ್ಟೆ ವ್ಯಾಪಾರಿಗಳ ಮನೆಯಲ್ಲಿ ಅಂಥದ್ದೊಂದು ಇತ್ತು ಅಂದರೆ ಈಗ ಯಾರೂ ನಂಬುವುದಿಲ್ಲ. ನನ್ನ ಮೊಮ್ಮಕ್ಕಳು ಫೋನಿನಲ್ಲಿ ಹುಡುಕಿ ಅಂಥ ಎಷ್ಟೋ ಚಿತ್ರ ತೋರಿಸುತ್ತಾರೆ. "ಆಜಿ, ಹೇಚ್ ಕಾ?" ಎಂದು ಮರಾಠಿಯಲ್ಲಿ ಕೇಳುತ್ತಾರೆ. ಇದಲ್ಲ ಮಕ್ಕಳೇ ಅನ್ನುತ್ತೇನೆ. ಅವರಿಗೆ ನಮ್ಮ ಕನ್ನಡ ಮಾತು ತಿಳಿಯುತ್ತದೆ, ಅಕ್ಷರ ಓದಲು ಬರುವುದಿಲ್ಲ. ಹಾಗಿದ್ದ ಮೇಲೆ ಇದನ್ನು ಯಾರಿಗಾಗಿ ಬರೆಯುತ್ತೀ ಎಂದು ಯಾರಾದರೂ ಕೇಳಿಯಾರು. ದಿನಾ ಸಂಜೆ ದೇವರಿಗೆ ದೀಪ ಹಚ್ಚಿ, ಆ ದಿನ ದೇವರು ಮಾಡಿದ ಉಪಕಾರಗಳನ್ನು ಒಂದೊಂದಾಗಿ ನೆನೆಯುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ನಳಕ್ಕೆ ಬೇಗ ನೀರು ಬಂತು, ಮೊಣಕಾಲು ನಿನ್ನೆಯಷ್ಟು ನೋಯಲಿಲ್ಲ, ಹೀಗೆ. ಹುಡುಗತನದ ಆ ಕೆಲವು ವರ್ಷಗಳಿಗೂ ಹಾಗೇ ಉಪಕಾರ ನೆನೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ನಾಲ್ಕಾರು ನೆನಪಾಗುತ್ತವೆ. ಆಮೇಲೆ ಬತ್ತಿ ಮಾತ್ರ ಉರಿಯುತ್ತಿರುತ್ತದೆ.

ನಮ್ಮ ಮನೆ ಅಂದರೆ ಮುಂದೆ ಅಂಗಡಿ, ಹಿಂದೆ ಸಂಸಾರ. ಅಂಗಡಿಯಲ್ಲಿ ಚಾದರ, ಟಾವೆಲ್ಲು, ಧೋತರ, ಸೀರೆ. ಅದನ್ನು ದಾಟಿದರೆ ಉದ್ದನೆಯ ಪಡಸಾಲೆ, ಅದರ ಒಂದು ಬದಿಗೆ ದೇವರ ಕೋಣೆ, ಇನ್ನೊಂದು ಬದಿಗೆ ಅಡಿಗೆ ಮನೆ, ಹಿಂದೆ ಬಚ್ಚಲು. ಮೇಲಿನ ಮಾಳಿಗೆಯಲ್ಲಿ ಬಟ್ಟೆಯ ಗಂಟುಗಳು. ಹೊಸ ಬಟ್ಟೆಗೆ ಹಾಕಿದ ಗಂಜಿಯ ವಾಸನೆ ಮನೆತುಂಬ ಇರುತ್ತಿತ್ತು. ರೊಟ್ಟಿ ಮುರಿದರೆ ಅದರಲ್ಲೂ ಬರುತ್ತಿತ್ತು. ಅಜ್ಜ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ, ಯಜಮಾನಿಕೆ ಅಜ್ಜಿಯದು. ಅವಳನ್ನು ನಾವೆಲ್ಲ ಆಯಿ ಅನ್ನುತ್ತಿದ್ದೆವು. ಅವಳಿಗೆ ಮೂವರು ಗಂಡುಮಕ್ಕಳು: ದೊಡ್ಡಪ್ಪ, ನಡು ದೊಡ್ಡಪ್ಪ, ಕಡೆಯವನು ನಮ್ಮಪ್ಪ. ಮೂವರ ಹೆಂಡಿರು, ಮಕ್ಕಳು, ಬಂದು ಹೋಗುವ ನೆಂಟರು, ಅಂಗಡಿಯ ಆಳುಗಳು. ಗಂಡಸರ ಪಂಕ್ತಿ, ಮಕ್ಕಳ ಪಂಕ್ತಿ ಮುಗಿದ ಮೇಲೆ ಹೆಂಗಸರ ಪಂಕ್ತಿ, ಅದರಲ್ಲೂ ಸಣ್ಣ ಸೊಸೆಯಾದ ನಮ್ಮವ್ವ ಸುಮಿತ್ರಾ ಕಡೆಗೆ. ಅವಳ ಪಾಲಿಗೆ ತಳದ ಜುಣಕ, ಆರಿದ ರೊಟ್ಟಿ, ಶೇಂಗಾದ ಹಿಂಡಿ. ಹೊಟ್ಟೆಗೆ ಕಡಿಮೆಯಾಯಿತು ಎಂದು ಅವಳು ಅಂದದ್ದಿಲ್ಲ. ಅವಳಿಗೆ ಕಡಿಮೆಯಾದದ್ದು ಬೇರೆ. ಭಂಡಾರಕವಠೆಯ ಒಕ್ಕಲುತನದ ಮನೆಯ ಹೆಣ್ಣು ಅವಳು. ಕಣ್ಣು ಹೋದಷ್ಟು ದೂರ ಎರಿಭೂಮಿ ನೋಡಿ ಬೆಳೆದವಳು. ಇಲ್ಲಿ ಕಣ್ಣೆತ್ತಿದರೆ ಗೋಡೆ, ಇಲ್ಲವೆ ಒಂದು ಮುಖ. ಆ ಮುಖಕ್ಕೆ ಒಂದು ಕೆಲಸ ಆಗಬೇಕಾಗಿರುತ್ತಿತ್ತು.

ಪಡದೆ ಆ ಮನೆಗೆ ಬಂದ ಕತೆಯನ್ನು ಆಯಿ ಹಬ್ಬ ಹುಣ್ಣಿಮೆಗೆ ಹೇಳುತ್ತಿದ್ದಳು. ಅಜ್ಜನ ಕಾಲದಲ್ಲಿ ಗಿರಣಿಯ ಯಂತ್ರ ನೋಡಲು ಒಬ್ಬ ಜಪಾನಿನ ಗೃಹಸ್ಥ ಸೊಲ್ಲಾಪುರಕ್ಕೆ ಬಂದಿದ್ದನಂತೆ. ನಮ್ಮೂರಿನ ಬೇಸಿಗೆ ಅವನಿಗೆ ತಡೆಯಲಾಗಲಿಲ್ಲ. ಹೊಟ್ಟೆ ಕೆಟ್ಟು, ಜ್ವರ ಬಂದು ಮಲಗಿಬಿಟ್ಟ. ಅಜ್ಜ ಅವನನ್ನು ಮನೆಗೆ ಕರೆತಂದು ಮಾಳಿಗೆಯಲ್ಲಿ ಮಲಗಿಸಿದ. ಆಯಿ ಜೋಳದ ಅಂಬಲಿಗೆ ಮಜ್ಜಿಗೆ ಬೆರೆಸಿ ಕೊಟ್ಟು ಅವನನ್ನು ಎಬ್ಬಿಸಿ ಕೂಡಿಸಿದಳು. ಅವನು ತನ್ನ ದೇಶಕ್ಕೆ ಹೋಗಿ ಬಹಳ ದಿನಗಳ ಮೇಲೆ ಹಡಗಿನಲ್ಲಿ ಒಂದು ಪೆಟ್ಟಿಗೆ ಕಳಿಸಿದ. ರೇಷ್ಮೆ ಇರಬೇಕು ಎಂದು ಮನೆಮಂದಿಯೆಲ್ಲ ಸುತ್ತ ನಿಂತು ಬಿಚ್ಚಿದರೆ ಈ ಪಡದೆ.

"ನೋಡಿದ್ರ ಬಣ್ಣಿಲ್ಲ ಏನಿಲ್ಲ. ಒಲಿ ಹಿಂದಿನ ಗ್ವಾಡಿ ಇದ್ದಂಗ ಅದ," ಎಂದು ಆಯಿ ನಗುತ್ತಿದ್ದಳು. "ಗ್ವಾಡಿಗುಂಟ ನೆಟ್ಟಗ ನಿಲ್ಲಿಸಿದ್ರ ಧಪ್ ಅಂತ ಬಿತ್ತು. ಮತ್ತ ನಿಲ್ಲಿಸಿದ್ರು, ಮತ್ತ ಬಿತ್ತು. ಕಡೀಕ ನಾನೇ ಒಂದೊಂದು ಮಡಕಿ ಹಿಂದ ಮುಂದ ಬಗ್ಗಿಸಿ ನಿಲ್ಲಿಸಿದೆ. ನಿಂತ್ಕೊಂತು ನೋಡು. ನೆಟ್ಟಗ ನಿಂತ್ರ ಬೀಳತದ, ಬಗ್ಗಿದ್ರ ನಿಲ್ಲತದ. ಸೊಸಿ ಇದ್ದಂಗ."

ಮೂವರು ಸೊಸೆಯರೂ ನಗಬೇಕಾಗುತ್ತಿತ್ತು.

ಅದನ್ನು ಪಡಸಾಲೆಯ ಎದುರಿಗೆ ಇಡಲು ಆಯಿ ಒಪ್ಪಲಿಲ್ಲ. ಬರೀ ಬಿಳಿ, ಕಪ್ಪು, ಅರಿಷಿಣವಿಲ್ಲ, ಕುಂಕುಮವಿಲ್ಲ, ಬಂದ ಮುತ್ತೈದೆಯರ ಕಣ್ಣಿಗೆ ಮೊದಲು ಅದು ಬೀಳಬಾರದು ಎಂದು ಅವಳ ಹಟ. ಹಾಗೆಂದು ಬಿಸಾಡುವಂತೆಯೂ ಇಲ್ಲ, ಅಜ್ಜನಿಗೆ ಬಂದ ಉಡುಗೊರೆ. ಆದ್ದರಿಂದ ಅದು ಹೆಂಗಸರ ಪಾಲಿಗೆ ಬಂತು. ತಿಂಗಳ ಮೂರು ದಿನ ಹೊರಗೆ ಕೂಡುವವರಿಗೆ ಪಡಸಾಲೆಯ ಹಿಂಬದಿಯ ಮೂಲೆ. ಅಲ್ಲಿ ಅವರು ಯಾರ ಕಣ್ಣಿಗೂ ಬೀಳದಂತೆ ಈ ಪಡದೆ. ಬಾಣಂತಿಯ ಹೊರಸಿನ ಸುತ್ತ ಗಾಳಿ, ದೃಷ್ಟಿ ತಾಗದಂತೆ ಇದೇ ಪಡದೆ. ಚಿತ್ರ ಇದ್ದ ಮುಖ ಒಳಗೆ, ಕಂದು ಕಾಗದದ ಬೆನ್ನು ಮನೆಯ ಕಡೆಗೆ. ಹೀಗಾಗಿ ಆ ಮನೆಯ ಗಂಡಸರು ವರ್ಷಗಟ್ಟಲೆ ನೋಡಿದ್ದು ಅದರ ಬೆನ್ನನ್ನು. ಚಿತ್ರ ನೋಡಿದವರು ಹೆಂಗಸರು, ಅದೂ ಕೆಲಸಕ್ಕೆ ಕರೆಯಬಾರದಾದ ದಿನಗಳಲ್ಲಿ.

ತಮ್ಮ ಶಿವು ಹುಟ್ಟಿದಾಗ ನನಗೆ ಶಾಲೆಗೆ ಹೋಗುವ ವಯಸ್ಸು. ಶಾಲೆಯಿಂದ ಬಂದವಳೇ ಪಡದೆಯ ಸಂದಿಯಲ್ಲಿ ನುಸುಳಿ ಅವ್ವನ ಹೊರಸಿನ ಕಾಲಡಿ ಕೂಡುತ್ತಿದ್ದೆ. ಒಳಗೆ ಬಾಣಂತಿಗೆ ಕಟ್ಟಿದ ಅಳವಿ ಉಂಡಿಯ, ಬಜೆಯ, ಇದ್ದಲಿನ ಹೊಗೆಯ ವಾಸನೆ. ಸುತ್ತ ಆ ಚಿತ್ರ. ಬಲಗಡೆಯ ಎರಡು ಮಡಿಕೆಯಲ್ಲಿ ಕಡುಗಪ್ಪಾದ ಗಿಡಗಳು, ಸೂಜಿಯಂಥ ಎಲೆ. ಹತ್ತಿರ ಹೋದರೆ ಕುಂಚದ ಒಂದೊಂದು ಕೂದಲು ಎಳೆದ ಗೆರೆ ಕಾಣುತ್ತಿತ್ತು. ನಡುವಿನ ಎರಡರಲ್ಲಿ ಗುಡ್ಡ. ಅಲ್ಲಿ ಮಸಿಗೆ ನೀರು ಹೆಚ್ಚಾಗಿ ಬೂದಿಯ ಬಣ್ಣ. ಎಡಕ್ಕೆ ಹೋಗುತ್ತ ಹೋಗುತ್ತ ಬೂದಿಯೂ ತೆಳ್ಳಗಾಗಿ, ಗುಡ್ಡ ಮಂಜಿನಲ್ಲಿ ಕರಗಿ, ಕಡೆಯ ಎರಡು ಮಡಿಕೆಯಲ್ಲಿ ಏನೂ ಇಲ್ಲ. ಕೆಳಗೆ ಮೂಲೆಯಲ್ಲಿ ಒಂದು ಚೌಕನೆಯ ಕೆಂಪು ಮುದ್ರೆ, ಅಷ್ಟೇ. ನಮ್ಮ ಮನೆಯಲ್ಲಿ ಅದಕ್ಕೆ ಶಿಕ್ಕಾ ಅನ್ನುತ್ತಿದ್ದರು.

"ಅವ್ವಾ, ಇದರಾಗ ಮಂದಿ ಎಲ್ಲಿ ಅದಾರ?" ಎಂದು ನಾನು ಒಂದು ದಿನ ಕೇಳಿದೆ.

"ಇಲ್ಲ."

"ಒಬ್ಬರೂ ಇಲ್ಲಾ?"

"ಒಬ್ಬರೂ ಇಲ್ಲ. ನಾ ಎಲ್ಲಾ ಹುಡುಕೀನಿ." ಅವ್ವ ಶಿವುನ ಬಾಯಿ ಒರೆಸಿ, ದನಿ ತಗ್ಗಿಸಿ ಅಂದಳು: "ಅದಕ್ಕೇ ಚಂದ ಅದ. ಅಲ್ಲಿ ಹೋದ್ರ ಯಾರೂ ಕರಿಯಂಗಿಲ್ಲ."

ಅಷ್ಟರಲ್ಲಿ ಆಚೆಯಿಂದ ದೊಡ್ಡವ್ವ, ಅಂದರೆ ದೊಡ್ಡಪ್ಪನ ಹೆಂಡತಿ, ಕೂಗಿದಳು.

"ಏ ಸಣ್ಣಾಕಿ! ಎಚ್ಚರ ಇದ್ದೀಯೇನು? ಅರಿಷಿಣದ ಡಬ್ಬಿ ಎಲ್ಲಿಟ್ಟೀ?"

ಅವ್ವ ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಬಾಣಂತಿ ಮಲಗಿದ್ದಾಳೆ ಎಂದುಕೊಂಡು ದೊಡ್ಡವ್ವ ಹೋದಳು. ಅವ್ವ ನಕ್ಕಳು, ಸದ್ದು ಹೊರಗೆ ಹೋಗದಂತೆ, ಹೊಟ್ಟೆ ಹಿಡಿದುಕೊಂಡು. ಅವ್ವನ ಆ ನಗೆಯನ್ನು ನಾನು ನೋಡಿದ್ದೇನಲ್ಲ, ಅದು ನಾನು ನೆನೆಯುವ ಉಪಕಾರಗಳಲ್ಲಿ ಮೊದಲನೆಯದು.

ಮನೆ ಒಡೆದದ್ದಕ್ಕೆ ಇಂಥದ್ದೇ ಕಾರಣ ಎಂದು ಹೇಳಲಾರೆ. ಅಡಿಗೆ ಮನೆಯಲ್ಲಿ ಎಣ್ಣೆಯ ಮಾತು, ಅಂಗಡಿಯಲ್ಲಿ ಗಲ್ಲೆಯ ಮೇಲೆ, ಹಣದ ಪೆಟ್ಟಿಗೆಯ ಮುಂದೆ, ಯಾರು ಕೂಡಬೇಕೆಂಬ ಮಾತು, ಎರಡೂ ಸೇರಿ ಒಂದು ದಿನ ವಾಟಣಿ, ಅಂದರೆ ಪಾಲು, ಮಾಡುವುದೆಂದು ಆಯಿತು. ಆಯಿಯ ತಮ್ಮ, ನಾವು ಕುಂಭಾರಿ ಅಜ್ಜ ಅನ್ನುತ್ತಿದ್ದವನು, ಪಂಚನಾಗಿ ಬಂದು ಪಡಸಾಲೆಯಲ್ಲಿ ಲೋಡಿಗೆ ಒರಗಿ ಕೂತ. ನಮ್ಮಲ್ಲಿ ಪಾಲು ಮಾಡುವುದಕ್ಕೆ ಒಂದು ಪದ್ಧತಿ. ಹಿರಿಯವನು ಪಾಲು ಹಾಕಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು. ಆಗ ಹಿರಿಯವನು ಮೋಸ ಮಾಡುವಂತಿಲ್ಲ, ಕಿರಿಯವನು ಆಮೇಲೆ ಗೊಣಗುವಂತಿಲ್ಲ. ಹಂಡೆ, ಕೊಪ್ಪರಿಗೆ, ಜಮಖಾನೆ, ಒನಕೆಗಳವರೆಗೆ ಎಲ್ಲವೂ ಮೂರು ಗುಂಪಾಗಿ ನೆಲದ ಮೇಲೆ ಕೂತವು. ತೊಟ್ಟಿಲು ಒಂದೇ ಇತ್ತು. ಅದನ್ನು ಆಯಿಗೆ ಬಿಟ್ಟರು. ಹೆಂಗಸರು ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದರು. ಅಲ್ಲಿ ಅವರು ಮಾತಾಡುವ ಹಾಗಿರಲಿಲ್ಲ. ನಾನು ಅವ್ವನ ಸೆರಗು ಹಿಡಿದುಕೊಂಡಿದ್ದೆ.

ಎಲ್ಲ ಮುಗಿಯುವ ಹೊತ್ತಿಗೆ ಯಾರೋ ಹಿಂಬದಿಯ ಮೂಲೆಯಿಂದ ಪಡದೆಯನ್ನು ಎಳೆದು ತಂದರು.

"ಇದಕ್ಕೇನು ಮಾಡ್ತೀರಪಾ?" ಎಂದ ಕುಂಭಾರಿ ಅಜ್ಜ.

ದೊಡ್ಡಪ್ಪ ಮಡಿಕೆಗಳ ಮೇಲೆ ಕೈಯಾಡಿಸಿದ. "ಆರು ಅವ, ನಾವು ಮೂರ ಮಂದಿ. ಬರಾಬರ ಎರಡೆರಡು. ದೇವರು ಲೆಕ್ಕಾ ಹಾಕೇ ಕಳಿಸ್ಯಾನ."

ಆಗ ಅವ್ವನ ಸೆರಗು ನನ್ನ ಕೈಯಿಂದ ಜಾರಿತು. ಅವಳು ಹೊಸ್ತಿಲು ದಾಟಿ ಪಡಸಾಲೆಗೆ ಬಂದಿದ್ದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತ ಕುಂಭಾರಿ ಅಜ್ಜನಿಗೆ ಅಂದಳು:

"ಮಾವಾರ, ಅದನ್ನ ಕೊಯ್ಯಬ್ಯಾಡ್ರಿ. ನಮ್ಮ ಪಾಲಿನ ಹಂಡೆ, ಕೊಪ್ಪರಗಿ ಎಲ್ಲಾ ಅವರೇ ತಗೋಲಿ. ಅದೊಂದು ಇಡೀದು ನಮಗ ಕೊಡ್ರಿ."

ಅಪ್ಪ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಮೊದಲು ಬಾಯಿ ತೆರೆದವಳು ದೊಡ್ಡವ್ವ, ಬಾಗಿಲಲ್ಲಿ ನಿಂತೇ.

"ಅದರಾಗ ಅಂಥಾದ್ದು ಏನದ ತಂಗಿ? ನಾವೂ ಅದರ ಹಿಂದ ಕುಂತೀವಿ, ಹಡದೀವಿ. ನಮಗ ಕಾಣದ್ದು ನಿನಗ ಏನು ಕಾಣಿಸ್ಯದ?"

"ನೋಡಿದ್ರ ಸಮಾಧಾನ ಆಗತದ್ರಿ ಅಕ್ಕಾ. ಮತ್ತೇನಿಲ್ಲ."

"ಸಮಾಧಾನ ಬೇಕಾದ್ರ ಸಿದ್ದೇಶ್ವರ ಗುಡಿಗಿ ಹೋಗವಾ, ಹತ್ತಿರೇ ಅದ," ಎಂದ ಕುಂಭಾರಿ ಅಜ್ಜ. ಎಲ್ಲರೂ ನಕ್ಕರು. ದೊಡ್ಡಪ್ಪ ಮಾತ್ರ ನಗಲಿಲ್ಲ. ಅವನು ಪಡದೆಯ ಚೌಕಟ್ಟಿಗೆ ಬೆರಳಿನಿಂದ ಟಕಟಕ ಬಡಿದು ಕಿವಿಗೊಟ್ಟ. ಬಿಸಿಲಿಗೆ ಹಿಡಿದು ಕಾಗದದ ಹಿಂದೆ ಏನಾದರೂ ಇದೆಯೋ ಎಂದು ನೋಡಿದ. ಒಂದು ಅಂಚಿನಲ್ಲಿ ಕಾಗದವನ್ನು ಉಗುರಿನಿಂದ ಎಬ್ಬಿಸಿದ. ಒಳಗೆ ಇನ್ನೊಂದು ಕಾಗದ.

"ತಾಂಬ್ರ ಬಿಟ್ಟು ಕಾಗದ ಕೇಳತಾಳಂದ್ರ ಕಾಗದದಾಗ ಏನೋ ಅದ," ಎಂದ ಅವನು, ಅವ್ವನಿಗಲ್ಲ, ಅಪ್ಪನಿಗೆ. "ಅಂಗಡ್ಯಾಗ ನಾ ಸುಮ್ಮ ಕುಂತು ಮುದುಕ ಆಗಿಲ್ಲ ತಮ್ಮಾ. ಇದು ವಾಟಣಿ ಆಗೂದ."

ಅವ್ವ ಕೇಳದೆ ಇದ್ದಿದ್ದರೆ? ಆ ಹಳೆಯ ಸಾಮಾನನ್ನು ಯಾರು ಬೇಕಾದರೂ ಒಯ್ಯಿರಿ ಎಂದು ಅವಳ ಮುಂದೆಯೇ ತಳ್ಳುತ್ತಿದ್ದರೇನೋ. ಅವಳು ಬೇಕು ಅಂದ ಕ್ಷಣದಿಂದ ಅದು ಎಲ್ಲರಿಗೂ ಬೇಕಾಯಿತು. ಬೇಕಾದದ್ದನ್ನು ಬಾಯಿಬಿಟ್ಟು ಕೇಳಬಾರದು ಎಂದು ನಾನು ಕಲಿತದ್ದು ಅಲ್ಲಿ ನಿಂತು. ಇವತ್ತಿಗೂ ಗಂಡನ ಹತ್ತಿರ, ಮಕ್ಕಳ ಹತ್ತಿರ ಇಂಥದ್ದು ಬೇಕು ಎಂದು ನಾನು ಕೇಳಿದವಳಲ್ಲ. ದೇವರ ಮುಂದೆ ಕೂತರೂ ಬಂದದ್ದಕ್ಕೆ ಕೈಮುಗಿಯುತ್ತೇನೆ. ಬರಬೇಕಾದದ್ದರ ಮಾತು ಎತ್ತುವುದಿಲ್ಲ. ಇದನ್ನು ನೋಡಿ ನೆರೆಹೊರೆಯವರು ನನ್ನನ್ನು ಸಂತೃಪ್ತಳು ಅನ್ನುತ್ತಾರೆ.

ಮಡಿಕೆಗಳನ್ನು ಜೋಡಿಸಿದ ಕೀಲು ಕಬ್ಬಿಣದ್ದಲ್ಲ, ಕಾಗದದ್ದೇ. ಬಡಿಗನನ್ನು ಕರೆಯುವ ಅಗತ್ಯವೂ ಬೀಳಲಿಲ್ಲ. ದೊಡ್ಡಪ್ಪ ಅಂಗಡಿಯ ಕತ್ತರಿ ತಂದು, ದಿನಾ ಗಿರಾಕಿಗೆ ಬಟ್ಟೆ ಕತ್ತರಿಸುವ ಹಾಗೆ, ಕಣ್ಣಳತೆಯಲ್ಲೇ ಎರಡು ಕಡೆ ನೆಟ್ಟಗೆ ಕತ್ತರಿಸಿದ. ಗಿಡ ಒಂದು ಕಡೆಗೆ, ಗುಡ್ಡ ಒಂದು ಕಡೆಗೆ, ಬಿಳುಪು ಒಂದು ಕಡೆಗೆ ಆಯಿತು. ಆಮೇಲೆ ಕಿರಿಯವನು ಆರಿಸಲಿ ಅಂದರು.

ಅಪ್ಪ ಎದ್ದ. ಮೂರೂ ಜೋಡಿಯನ್ನು ಬಾಗಿ ನೋಡಿದ. ಗಿಡದ ಮುಂದೆ ನಿಲ್ಲಲಿಲ್ಲ, ಗುಡ್ಡದ ಮುಂದೆ ನಿಲ್ಲಲಿಲ್ಲ. ಕಡೆಯ ಜೋಡಿಯ ಮೂಲೆಯ ಕೆಂಪು ಮುದ್ರೆಯ ಮೇಲೆ ಬೆರಳಿಟ್ಟ.

"ಶಿಕ್ಕಾ ಇದ್ದದ್ದು ನಮಗಿರಲಿ."

"ಶಾಣ್ಯಾ ಇದ್ದಿ," ಎಂದ ಕುಂಭಾರಿ ಅಜ್ಜ.

ಬಟ್ಟೆ ವ್ಯಾಪಾರ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಇಡೀ ತಾನಿನ ಬಟ್ಟೆಗೆ ಗಿರಣಿಯ ಮುದ್ರೆ ಬೀಳುವುದು ಕಡೆಯ ತುಂಡಿನ ಮೇಲೆ. ಮುದ್ರೆ ಇದ್ದ ತುಂಡು ಅಂದರೆ ಮಾಲು ಖರೆ ಎಂಬುದಕ್ಕೆ ಸಾಕ್ಷಿ; ಶಾಣ್ಯಾ ಗಿರಾಕಿ ಅದನ್ನೇ ಕೇಳಿ ಪಡೆಯುತ್ತಾನೆ. ಅಪ್ಪ ಮೀಸೆ ಬರುವ ಮೊದಲೇ ಅಂಗಡಿಯಲ್ಲಿ ಕೂತವನು. ಹೆಂಡತಿಗೆ ಬೇಕಾದ ವಸ್ತುವಿನಲ್ಲಿ ಎಲ್ಲಕ್ಕಿಂತ ಖರೆಯಾದ ತುಂಡು ಯಾವುದೋ ಅದನ್ನು ಅವನು ಆರಿಸಿದ. ಆರಿಸಿ, ಅಷ್ಟು ಜನರ ಮುಂದೆ, ಅಡಿಗೆ ಮನೆಯ ಬಾಗಿಲ ಕಡೆ ತಿರುಗಿ ಅವ್ವನನ್ನು ನೋಡಿದ. ಹೊಸ ಸೀರೆ ತಂದ ದಿನ ಅವನ ಮುಖ ಹಾಗಿರುತ್ತಿತ್ತು. ಅವ್ವ ಅವನನ್ನು ನೋಡಲಿಲ್ಲ. ಒಳಗೆ ಹೋಗಿ ರೊಟ್ಟಿಯ ಹಿಟ್ಟು ನಾದಲು ಕೂತಳು. ಎಷ್ಟು ಹೊತ್ತು ನಾದಿದಳೆಂದರೆ, ಬಿಸಿನೀರಿನ ಹಿಟ್ಟು ಆರಿ ಜಿಗಿ ಕಳೆದುಕೊಂಡು ಅವತ್ತಿನ ರೊಟ್ಟಿಯೆಲ್ಲ ಹರಿದವು.

ಅಕ್ಕಲಕೋಟೆಯಲ್ಲಿ ಇದ್ದ ಸಣ್ಣ ಅಂಗಡಿ ಅಪ್ಪನ ಪಾಲಿಗೆ ಬಂದಿತ್ತು. ನಾವು ಅಲ್ಲಿಗೆ ಹೋದೆವು. ಆ ಊರಿನ ಸ್ವಾಮಿಗಳ ಮಠಕ್ಕೆ ಹತ್ತಿರ ಎರಡು ಕೋಣೆಯ ಮನೆ, ಮುಂದೆ ಒಂದು ಅಂಗಳ. ಸ್ವಾಮಿಗಳ ವಾರ ಗುರುವಾರ ಬಂತೆಂದರೆ ಓಣಿ ತುಂಬ ಯಾತ್ರಿಕರು. ಬೆಳಗಿನ ಆರತಿಯ ಗಂಟೆ ಹಾಸಿಗೆಯಲ್ಲೇ ಕೇಳುತ್ತಿತ್ತು. ಅದೂ ಒಂದು ಉಪಕಾರ. ದೇವರ ಮೇಲಿನ ನನ್ನ ನೆಚ್ಚಿಗೆ ಹುಟ್ಟಿದ್ದು ಆ ಗಂಟೆಯಿಂದ. ನಾಲ್ವರೇ ಇದ್ದೆವು. ಅವ್ವ ಈಗ ಬಿಸಿ ರೊಟ್ಟಿ ಉಣ್ಣಬಹುದಾಗಿತ್ತು, ಯಾರೂ ಕೂಗುತ್ತಿರಲಿಲ್ಲ. ಸುಖವಾಗಿರಬೇಕಾಗಿತ್ತು.

ಅಪ್ಪ ಆ ಎರಡು ಮಡಿಕೆಯನ್ನು ಬಾಗಿಲಿಗೆ ಎದುರಾಗಿ, ಬಂದವರಿಗೆಲ್ಲ ಕಾಣುವಂತೆ ನಿಲ್ಲಿಸಿದ. "ಜಪಾನೀ ಮಾಲು. ಶಿಕ್ಕಾ ಅದ ನೋಡ್ರಿ," ಎಂದು ತೋರಿಸುತ್ತಿದ್ದ. ಬಂದವರು ಶಿಕ್ಕಾ ನೋಡಿ ತಲೆಯಾಡಿಸುತ್ತಿದ್ದರು. ಒಬ್ಬ ಗಿರಾಕಿ ಮಾತ್ರ ಚಹಾ ಕುಡಿಯುತ್ತ ಕೇಳಿಯೇಬಿಟ್ಟ:

"ಚಿತ್ರ ಯಾವಾಗ ಬರಸಾವ್ರು ಶೇಟಜಿ?"

ಅವನು ಹೋದ ಮೇಲೆ ಅಪ್ಪ ಬಹಳ ಹೊತ್ತು ಅದರ ಮುಂದೆ ಕೂತಿದ್ದ. ಆಮೇಲೆ ಅಡಿಗೆ ಮನೆಯ ಕಡೆ ಮುಖ ಮಾಡಿ, "ನನ್ನ ಮ್ಯಾಲ ಸಿಟ್ಟಾಗೀಯೇನ?" ಎಂದ.

ಅವ್ವ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಡಲಿಲ್ಲ.

"ನಿಮ್ಮ ಮ್ಯಾಲ ಯಾಕ ಸಿಟ್ಟಾಗಲ್ರಿ? ನೀವು ಚಲೋ ನೋಡೇ ತಂದೀರಿ. ಗುಡ್ಡ ಬಾಜೂಕ ಇದ್ದಾಗ ಅದು ಮಂಜ ಇತ್ತು. ಗುಡ್ಡ ಹೋತು, ಬರೇ ಕಾಗದ ಉಳೀತು."

ಅಪ್ಪ ಎದ್ದು ಆ ಜೋಡಿಯನ್ನು ಮಡಚಿ ಜೋಳದ ಕಣಜದ ಹಿಂದೆ ಇಟ್ಟ. ಅದರ ಮಾತು ಆಮೇಲೆ ನಮ್ಮ ಮನೆಯಲ್ಲಿ ಬರಲಿಲ್ಲ. ಅವ್ವ ಕೆಲಸ ಮಾಡಿದಳು, ವ್ರತ ಮಾಡಿದಳು, ನನಗೆ ಜಡೆ ಹೆಣೆದಳು. ಆದರೆ ಮಾತಿನ ನಡುವೆ ನಿಂತುಬಿಡುತ್ತಿದ್ದಳು. ಎರಡು ಕೋಣೆಯ ಮನೆಯಲ್ಲಿ ಅವಳಿಗೆ ಹೋಗಿ ಕೂಡಲು ಒಂದು ಮೂಲೆ ಇರಲಿಲ್ಲ. ದೊಡ್ಡ ಮನೆಯ ಗದ್ದಲದಲ್ಲಿ ಅಡಗಿಕೊಳ್ಳಬಹುದಾಗಿತ್ತು. ಇಲ್ಲಿ ನಾವು ಮೂವರು ಸದಾ ಅವಳನ್ನು ನೋಡುತ್ತಲೇ ಇರುತ್ತಿದ್ದೆವು. ಅವ್ವ ಅತ್ತದ್ದನ್ನು ನಾನು ನೋಡಲಿಲ್ಲ. ಅವಳ ಆ ಒಣ ಕಣ್ಣು ನನಗೆ ಹೆದರಿಕೆ ಹುಟ್ಟಿಸುತ್ತಿತ್ತು.

ಕೆಲವು ವರ್ಷಕ್ಕೆ ಅವಳ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಸೊಲ್ಲಾಪುರದ ಡಾಕ್ಟರು ನೋಡಿ, ತಡವಾಗಿದೆ, ಮನೆಗೆ ಕರೆದೊಯ್ಯಿರಿ ಅಂದರು. ಅಪ್ಪ ಗುರುವಾರದ ಉಪವಾಸ ಹಿಡಿದ, ನಾನೂ ಹಿಡಿದೆ. ಒಂದು ಮಧ್ಯಾಹ್ನ ಅವ್ವ ಗೋಡೆ ನೋಡುತ್ತ ಮಲಗಿದ್ದವಳು ಅಪ್ಪನನ್ನು ಕರೆದಳು.

"ಒಂದು ಹೇಳಲೇನ್ರಿ?"

"ಹೇಳು."

"ಆರೂ ಒಮ್ಮೆ ಕೂಡಿಸಿ ನಿಲ್ಲಿಸ್ರಿ. ನಮಗೇ ಇರಲಿ ಅನ್ನಂಗಿಲ್ಲ. ಒಮ್ಮೆ ನೋಡಿ ಕೊಟ್ಟುಬಿಡೂಣು."

ಮರುದಿನವೇ ಅಪ್ಪ ನನ್ನನ್ನು ಕರೆದುಕೊಂಡು ಸೊಲ್ಲಾಪುರದ ಬಸ್ಸು ಹತ್ತಿದ. ಹೆಣ್ಣುಮಗು ಜೊತೆಗಿದ್ದರೆ ಅಣ್ಣಂದಿರು ಇಲ್ಲ ಅನ್ನಲಾರರು ಎಂದು ಅವನ ಎಣಿಕೆ ಇದ್ದೀತು. ದಾರಿಯುದ್ದಕ್ಕೂ ಹೇಗೆ ಕೇಳಬೇಕೆಂದು ತುಟಿ ಆಡಿಸುತ್ತಿದ್ದ. ಕುಂಭಾರಿ ಊರು ದಾಟಿದ ಮೇಲೆ ನನ್ನ ಕಡೆ ತಿರುಗಿ, "ಟೆಂಪೋದಾಗ ಆರಾಮ ಬರತಾವ ಅಲಾ? ಮ್ಯಾಲ ಚಾದರ ಹೊಚ್ಚಿದ್ರ ಆತು," ಎಂದ. ನಾನು ಹೂಂ ಅಂದೆ. ಅಂಥ ಆಸೆ ಅವನ ಮುಖದ ಮೇಲೆ ಇನ್ನೊಮ್ಮೆ ನಾನು ಕಾಣಲಿಲ್ಲ.

ದೊಡ್ಡಪ್ಪ ಅಂಗಡಿಯಲ್ಲಿ ರೆಡಿಮೇಡ್ ಬಟ್ಟೆಯೂ ಇಟ್ಟಿದ್ದ. ಹೆಣ್ಣುಮಕ್ಕಳು ತೊಟ್ಟು ನೋಡಲೆಂದು ಒಂದು ಮೂಲೆಯನ್ನು ಮರೆ ಮಾಡಿದ್ದರು. ಆ ಮರೆಯೇ ನಮ್ಮ ಗಿಡಗಳ ಜೋಡಿ. ಗಿಡದ ಬುಡಕ್ಕೆ, ಕೊಂಬೆಗೆ ಮೊಳೆ ಹೊಡೆದು ಗೂಟ ಕೂಡಿಸಿದ್ದರು. ಅವುಗಳ ಮೇಲೆ ಲಂಗ, ಜಂಪರು ತೂಗುತ್ತಿದ್ದವು. ನಡುವೆ ಒಂದು ಕನ್ನಡಿ. ಬೆವರಿನ ಕೈ ತಾಗಿ ತಾಗಿ ಸೂಜಿ ಎಲೆಗಳೆಲ್ಲ ಒರೆಸಿ ಹೋಗಿ ಎಣ್ಣೆಯ ಕಲೆಯಾಗಿದ್ದವು.

"ಒಯ್ಯಿ ಅಂತಿದ್ದೆ ತಮ್ಮಾ," ಎಂದ ದೊಡ್ಡಪ್ಪ. ಖರೆಯಾಗಿಯೇ ಅಂದ, ಅವನ ಕಣ್ಣಲ್ಲಿ ನೀರಿತ್ತು. "ಆದ್ರ ಇದನ್ನ ಆಕಿಗಿ ಹ್ಯಾಂಗ ತೋರಸ್ತಿ?"

ನಡು ದೊಡ್ಡಪ್ಪನ ಮನೆಗೆ ಹೋದೆವು. ಅಲ್ಲಿ ಗುಡ್ಡದ ಜೋಡಿ ಪಡಸಾಲೆಯ ಎದುರಿಗೇ ಇತ್ತು. ಮಗಳ ಸಾಖರಪುಡೆಗೆ, ಅಂದರೆ ನಿಶ್ಚಿತಾರ್ಥಕ್ಕೆ, ಬೀಗರು ಬರುವಾಗ ಬಿಳಿ ಕಪ್ಪು ಎದುರಿಗೆ ಇರಬಾರದೆಂದು ನಡು ದೊಡ್ಡವ್ವ ಬೋರ್ಡು ಬರೆಯುವ ಪೇಂಟರನನ್ನು ಕರೆಸಿದ್ದಳು. ಗುಡ್ಡ ಹಸಿರಾಗಿತ್ತು. ಮಂಜು ಇದ್ದಲ್ಲಿ ನೀಲಿ ಕೆರೆ, ಕೆರೆಯಲ್ಲಿ ಕಮಲ, ಎರಡು ಹಂಸ, ಮೇಲೆ ಕೆಂಪು ಸೂರ್ಯ. ಎಣ್ಣೆ ಬಣ್ಣ ಲಕಲಕ ಹೊಳೆಯುತ್ತಿತ್ತು.

"ಒಯ್ರಿ, ಖುಷಿಲೆ ಒಯ್ರಿ," ಎಂದಳು ನಡು ದೊಡ್ಡವ್ವ. "ಈಗ ನೋಡಾಕ ಜೀವಂತ ಕಾಣಿಸ್ತದ. ಪಾಪ, ಸುಮಿತ್ರಾಗ ಸಮಾಧಾನ ಆಗಲಿ."

ಅವಳ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ನನಗೆ ಕೊಬ್ಬರಿ ಉಂಡಿ ಕಟ್ಟಿಕೊಟ್ಟಳು. ಯಾರ ಮೇಲೂ ಬೊಟ್ಟು ಮಾಡುವಂತಿಲ್ಲದ ದುಃಖವನ್ನು ದೇವರು ಯಾಕೆ ಕೊಡುತ್ತಾನೋ ತಿಳಿಯದು. ಅಪ್ಪ ಹಂಸಗಳ ಮುಂದೆ ನಿಂತು, "ಬ್ಯಾಡ್ರಿ ವೈನಿ, ಇಲ್ಲೇ ಇರಲಿ," ಎಂದ. ಬಸ್ಸಿನಲ್ಲಿ ಉಂಡಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕೇಳಿದೆ, ಅವ್ವಗೆ ಏನು ಹೇಳುವುದು ಎಂದು. ಹಬ್ಬ ಆದ ಮೇಲೆ ಕೊಡುತ್ತಾರಂತೆ ಎಂದು ಹೇಳೋಣವೇ ಎಂದೂ ನಾನೇ ಅಂದೆ. ಅಪ್ಪ ತಲೆ ಅಲ್ಲಾಡಿಸಿದ. "ಕಾಯಾಕ ಹತ್ತತಾಳ," ಎಂದ.

ಮನೆಗೆ ಬಂದು, ಕೈಕಾಲು ತೊಳೆದು, ಹಾಸಿಗೆಯ ಹತ್ತಿರ ಕೂತು ಅವನು ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದ. ಹಂಸ ಎಷ್ಟು ಎಂಬುದನ್ನೂ ಬಿಡಲಿಲ್ಲ. ಅವ್ವ ಕಣ್ಣು ಮುಚ್ಚಿಕೊಂಡು ಕೇಳಿದಳು. ನಿದ್ದೆ ಹೋದಳೇನೋ ಅಂದುಕೊಂಡೆವು. ಆಗ ಕೇಳಿದಳು:

"ಅಂಗಡ್ಯಾಗ ಹೆಣ್ಣಮಕ್ಕಳು ಅದರ ಹಿಂದ ಹೋಗಿ ಅರಿವಿ ಉಟ್ಕೋತಾರಂದ್ರಿ?"

"ಹೂಂ."

"ಹಂಗಾದ್ರ ಇರಲಿ ಬಿಡ್ರಿ. ಅವರಿಗರ ಅಷ್ಟು ಮರೆ ಆತು."

ಇದನ್ನು ನಾನು ಉಪಕಾರಗಳ ಸಾಲಿನಲ್ಲಿ ಸೇರಿಸಲು ಎಷ್ಟೋ ಸಲ ನೋಡಿದ್ದೇನೆ. ಅವ್ವ ಸಮಾಧಾನದಿಂದ ಅಂದಳು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ನಾನು ಅಲ್ಲಿ ಇದ್ದೆ. ಅವಳ ಕೈ ಚಾದರದ ಅಂಚನ್ನು ಹಿಡಿದಿತ್ತು. ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು. ಆಮೇಲೆ ಅವಳು ನೀರು ಕೇಳಿದಳು, ಶಿವು ಉಂಡನೋ ಎಂದು ಕೇಳಿದಳು. ತನಗಾಗಿ ಬೇರೇನನ್ನೂ ಕೇಳಲಿಲ್ಲ.

ಅವಳು ಹೋದದ್ದು ಗುರುವಾರ ಬೆಳಿಗ್ಗೆ, ಆರತಿಯ ಹೊತ್ತಿಗೆ. ಪುಣ್ಯವಂತೆ, ಒಳ್ಳೆಯ ದಿನ ಹೋದಳು ಎಂದು ಬಂದವರೆಲ್ಲ ಅಂದರು. ನಾನೂ ಈಗ ಹಾಗೇ ಅನ್ನುತ್ತೇನೆ. ಕಡೆಯ ಸ್ನಾನಕ್ಕೆ ಅಂಗಳದಲ್ಲಿ ಮಣೆ ಹಾಕಿದರು. ಓಣಿಯಲ್ಲಿ ಯಾತ್ರಿಕರು ಹೋಗಿ ಬಂದು ಮಾಡುತ್ತಿದ್ದರು, ಮರೆ ಬೇಕಾಗಿತ್ತು. ನೆರೆಯ ಹೆಂಗಸರು ಅಡ್ಡ ಹಿಡಿಯಲು ಮಡಚಿದ ಸೀರೆಯೊಂದನ್ನು ಬಿಚ್ಚುತ್ತಿದ್ದರು. ಅಷ್ಟರಲ್ಲಿ ಅಪ್ಪ ಕಣಜದ ಹಿಂದಿನಿಂದ ಆ ಎರಡು ಮಡಿಕೆಯನ್ನು ಹೊತ್ತು ತಂದ. ಯಾರನ್ನೂ ಕೇಳಲಿಲ್ಲ. ಧೂಳು ಒರೆಸಿ, ಕಂದು ಬೆನ್ನನ್ನು ಓಣಿಗೆ ಮಾಡಿ, ಇನ್ನೊಂದು ಮುಖವನ್ನು ಅವ್ವನ ಕಡೆ ತಿರುಗಿಸಿ ನಿಲ್ಲಿಸಿದ. ಗಾಳಿಗೆ ಅದು ಒಂದೇ ಸಮನೆ ಹೊಯ್ದಾಡುತ್ತಿತ್ತು. ಅವನು ಆಚೆ ನಿಂತು ಎರಡೂ ಕೈಯಿಂದ ಹಿಡಿದುಕೊಂಡ. ಒಳಗಿನಿಂದ ನನಗೆ ಕಾಣುತ್ತಿದ್ದದ್ದು ಚೌಕಟ್ಟಿನ ಮೇಲಿನ ಅವನ ಬೆರಳುಗಳಷ್ಟೇ. ಹೆಂಗಸರು ಅವ್ವನನ್ನು ಒರಗಿಸಿ ಕೂಡಿಸಿದ್ದರು. ನಾನು ತಂಬಿಗೆಯಿಂದ ನೀರು ಹಾಕುತ್ತಿದ್ದೆ.

"ಗಂಗಾ," ಎಂದ ಅಪ್ಪ ಆಚೆಯಿಂದ.

"ಹಾಂ ಅಪ್ಪಾ."

"ನಿಮ್ಮವ್ವಗ ಚಿತ್ರ ಕಾಣಂಗ ಹಿಡದೀನೇನು?"

ಹೆಂಗಸರ ಕೈ ನಿಂತಿತು. ನಾನು ತಲೆಯೆತ್ತಿ ನೋಡಿದೆ. ಹಳದಿಗೆ ತಿರುಗಿದ ಕಾಗದ, ನೀರಿನ ಹನಿ ಸಿಡಿದ ಗುರುತು, ಮೂಲೆಯಲ್ಲಿ ಆ ಮುದ್ರೆ.

"ಹೂಂ ಅಪ್ಪಾ," ಅಂದೆ. "ಕಾಣಿಸ್ತದ."